ಮನುಷ್ಯ–ಪ್ರಾಣಿ ಮಿಶ್ರರೂಪಗಳ ಶಿಲ್ಪ ಮತ್ತು ರೇಖಾಚಿತ್ರ ಪ್ರದರ್ಶನ: ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯನ ಮೈಯನ್ನೂ ಪ್ರಾಣಿಯ ಮೈಯನ್ನೂ ಒಂದೇ ಆಕೃತಿಯಲ್ಲಿ ಬೆಸೆದ ಶಿಲ್ಪಗಳು ಮತ್ತು ರೇಖಾಚಿತ್ರಗಳ ಪ್ರದರ್ಶನಕ್ಕೆ ಬರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಂಥ ಕೃತಿಗಳಲ್ಲಿ ಹಲವು ಮೊದಲ ನೋಟಕ್ಕೇ ನಗು ತರಿಸುತ್ತವೆ, ಆ ನಗುವಿಗೆ ಯಾರೂ ಸಂಕೋಚಪಡಬೇಕಾಗಿಲ್ಲ. ನಕ್ಕು ಮುಗಿದ ಮೇಲೂ ಅವುಗಳ ಮುಂದೆ ನಿಲ್ಲುವಂತೆ ಮಾಡುವ ಸಂಗತಿ ಬಹುಪಾಲು ಎರಡು ದೇಹಗಳು ಕೂಡುವ ಜಾಗದಲ್ಲಿ, ಅಂದರೆ ಕತ್ತು, ಭುಜ, ಸೊಂಟ, ಮಣಿಕಟ್ಟುಗಳಲ್ಲಿ ಇರುತ್ತದೆ ಎಂಬ ನಂಬಿಕೆಯಿಂದ ಈ ಉತ್ತರಗಳನ್ನು ಬರೆಯಲಾಗಿದೆ.

ಯಾವ ಆಕೃತಿಯನ್ನು ಮಿಶ್ರರೂಪ ಎನ್ನಬೇಕು? ಕುಸ್ತಿ ಆಡುವ ಕಪ್ಪೆಯೂ ಮಿಶ್ರರೂಪವೇ?

ಸ್ಥೂಲವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಪ್ರಾಣಿಯ ತಲೆಯೂ ಮನುಷ್ಯನ ಮೈಯೂ ಇರುವುದು ಮೊದಲನೆಯದು; ಪ್ರಾಚೀನ ಈಜಿಪ್ಟಿನ ನರಿಮೊಗದ ಅನೂಬಿಸ್ ಮತ್ತು ಗಿಡುಗನ ಮೊಗದ ಹೋರಸ್ ಈ ಬಗೆಯವರು. ಮನುಷ್ಯನ ತಲೆಯೂ ಪ್ರಾಣಿಯ ಮೈಯೂ ಇರುವುದು ಎರಡನೆಯದು. ಈಜಿಪ್ಟಿನ ಗೀಜಾದ ಸ್ಫಿಂಕ್ಸ್ ಮತ್ತು ದಕ್ಷಿಣ ಭಾರತದ ದೇಗುಲಗಳಲ್ಲಿ ಕಾಣುವ ಪುರುಷಾಮೃಗ ಈ ಗುಂಪಿಗೆ ಸೇರುತ್ತವೆ. ಮೂರನೆಯ ಬಗೆಯಲ್ಲಿ ಗಡಿಯನ್ನು ಬೆರಳಿಟ್ಟು ತೋರಿಸಲಾಗದು: ತುಪ್ಪಟ ಎಲ್ಲೋ ತೆಳುವಾಗುತ್ತಾ ಚರ್ಮವಾಗುತ್ತದೆ, ಬೆರಳುಗಳು ನೋಡನೋಡುತ್ತ ಗರಿಗಳಾಗುತ್ತವೆ. ಇಂದಿನ ಕಲಾವಿದರಲ್ಲಿ ಹಲವರಿಗೆ ಈ ಮೂರನೆಯದೇ ಪ್ರಿಯ, ಮತ್ತು ಮಾಡಲು ಅತ್ಯಂತ ಕಷ್ಟವಾದದ್ದೂ ಅದೇ.

ಮನುಷ್ಯರಂತೆ ನಡೆದುಕೊಳ್ಳುವ ಪ್ರಾಣಿಗಳ ಚಿತ್ರಗಳದು ಬೇರೆ ಪರಂಪರೆ. ಜಪಾನಿನ ಕ್ಯೋಟೋದ ಕೋಝಾನ್-ಜಿ ದೇವಾಲಯಕ್ಕೆ ಸೇರಿದ, 12–13ನೇ ಶತಮಾನಗಳ ಶಾಯಿಚಿತ್ರದ ಸುರುಳಿಗಳಲ್ಲಿ ಕಪ್ಪೆಯೊಂದು ಮೊಲವನ್ನು ಕುಸ್ತಿಯಲ್ಲಿ ಎತ್ತಿ ಕೆಡವುತ್ತದೆ. ಅಲ್ಲಿ ಕಪ್ಪೆಯ ಮೈ ಪೂರ್ತಿ ಕಪ್ಪೆಯದೇ. ಮನುಷ್ಯತನ ಇರುವುದು ನಡವಳಿಕೆಯಲ್ಲಿ ಮಾತ್ರ. ಇವೆರಡನ್ನೂ ಒಂದೇ ಸೂರಿನಡಿ ತೋರಿಸುವ ಪ್ರದರ್ಶನಗಳುಂಟು. ಆದರೂ ನೋಡುವಾಗ ಬೆರೆತಿರುವುದು ಮೈಯೋ ನಡತೆಯೋ ಎಂದು ಕೇಳಿಕೊಂಡರೆ ಕೃತಿಯ ಉದ್ದೇಶ ಬೇಗ ತಿಳಿಯುತ್ತದೆ.

ಇದು ಈ ಕಾಲದ ಹೊಸ ಶೈಲಿಯೇ?

ಅಲ್ಲ. ನಮಗೆ ಗೊತ್ತಿರುವ ಅತ್ಯಂತ ಹಳೆಯ ಶಿಲ್ಪಗಳಲ್ಲೇ ಒಂದು ಮಿಶ್ರರೂಪ. ದಕ್ಷಿಣ ಜರ್ಮನಿಯ ಹೋಲೆನ್‌ಷ್ಟೈನ್-ಷ್ಟಾಡೆಲ್ ಗುಹೆಯಲ್ಲಿ 1939ರ ಆಗಸ್ಟ್ ಕೊನೆಯಲ್ಲಿ ಮ್ಯಾಮತ್ ಎಂಬ ಅಳಿದುಹೋದ ಆನೆಜಾತಿಯ ದಂತದ ನೂರಾರು ಚೂರುಗಳು ಸಿಕ್ಕವು. ಕೆಲವೇ ದಿನಗಳಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ಅಗೆತ ನಿಂತಿತು, ಚೂರುಗಳು ಪೆಟ್ಟಿಗೆಯಲ್ಲೇ ಉಳಿದವು. 1969ರಲ್ಲಿ ಅವನ್ನು ಜೋಡಿಸಲು ಕುಳಿತಾಗ ಸಿಂಹದ ತಲೆ ಹೊತ್ತು ನೆಟ್ಟಗೆ ನಿಂತ, ಸುಮಾರು 31 ಸೆಂಟಿಮೀಟರ್ ಎತ್ತರದ ಆಕೃತಿಯೊಂದು ಮೂಡಿಬಂತು. ಅದರ ವಯಸ್ಸು ಸುಮಾರು 40,000 ವರ್ಷ. ಅಂಥದೇ ಕಲ್ಲಿನ ಉಪಕರಣಗಳನ್ನು ಬಳಸಿ ಅದರ ಪ್ರತಿಯನ್ನು ಕೆತ್ತಿ ನೋಡಿದಾಗ 350 ಗಂಟೆಗೂ ಹೆಚ್ಚು ದುಡಿಮೆ ಬೇಕಾಯಿತು. ಹಿಮಯುಗದಲ್ಲಿ ಬೇಟೆಯಾಡಿ ಬದುಕುತ್ತಿದ್ದ ಸಣ್ಣ ಗುಂಪೊಂದು ಇಲ್ಲದ ಪ್ರಾಣಿಯೊಂದಕ್ಕಾಗಿ ಅಷ್ಟು ಹೊತ್ತು ವ್ಯಯಿಸಿತು ಎಂಬುದೇ ಈ ಕಲೆ ಹುಡುಗಾಟದ್ದಲ್ಲ ಎನ್ನಲು ಸಾಕು. ಇಂಡೋನೇಷ್ಯಾದ ಸುಲಾವೇಸಿ ದ್ವೀಪದ ಗುಹೆಯೊಂದರಲ್ಲೂ ಹಂದಿಗಳನ್ನೂ ಕುಳ್ಳ ಕಾಡೆಮ್ಮೆಗಳನ್ನೂ ಬೇಟೆಯಾಡುವ ಪುಟ್ಟ ಆಕೃತಿಗಳ ಚಿತ್ರವಿದೆ. ಆ ಬೇಟೆಗಾರರಲ್ಲಿ ಒಬ್ಬರಿಗೆ ಬಾಲದಂಥದ್ದು, ಇನ್ನೊಬ್ಬರಿಗೆ ಕೊಕ್ಕಿನಂಥದ್ದು ಕಾಣುತ್ತದೆ. ಆ ಚಿತ್ರಕ್ಕೆ ಕನಿಷ್ಠ 43,900 ವರ್ಷವಾಗಿದೆಯೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ಅಂದಾಜಿಸಿತು.

ಶಿಲ್ಪದ ಮುಂದೆ ನಿಂತಾಗ ಮೊದಲು ಏನನ್ನು ನೋಡಬೇಕು?

ಮುಖವನ್ನು ಬಿಟ್ಟು ಕತ್ತಿನಿಂದ ಶುರು ಮಾಡಿ. ಇದು ವಿಚಿತ್ರವಾದ ಸಲಹೆ ಎನ್ನಿಸಬಹುದು, ಆದರೆ ಕಲಾವಿದರ ಕೌಶಲ ಮೊದಲು ಪರೀಕ್ಷೆಗೆ ಒಳಗಾಗುವುದು ಅಲ್ಲಿಯೇ. ಮನುಷ್ಯನ ತಲೆಬುರುಡೆ ಬೆನ್ನುಮೂಳೆಯ ತುದಿಯ ಮೇಲೆ ಕುಳಿತಿರುತ್ತದೆ, ಬೆನ್ನುಹುರಿ ಬುರುಡೆಯ ಕೆಳಗಿನಿಂದ ಒಳಹೋಗುತ್ತದೆ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಆ ರಂಧ್ರ ಬುರುಡೆಯ ಹಿಂಬದಿಗೆ ಇರುತ್ತದೆ. ಆದ್ದರಿಂದ ಜಿಂಕೆಯ ತಲೆಯನ್ನು ಇದ್ದಂತೆಯೇ ತಂದು ನೆಟ್ಟಗೆ ನಿಂತ ಮನುಷ್ಯನ ಕತ್ತಿನ ಮೇಲೆ ಕೂರಿಸಿದರೆ ಅದರ ಮೂತಿ ಆಕಾಶ ನೋಡುತ್ತದೆ. ಅದನ್ನು ಎದುರಿಗೆ ನೋಡುವಂತೆ ಮಾಡಲು ಕಲಾವಿದರು ಕತ್ತಿನ ಮೇಲ್ತುದಿಯನ್ನು ಮುಂದಕ್ಕೆ ಬಾಗಿಸಬೇಕು, ಇಲ್ಲವೇ ಬುರುಡೆಯ ಹಿಂಬದಿಯನ್ನೇ ಹೊಸದಾಗಿ ಕಲ್ಪಿಸಬೇಕು. ಬಾಗಿಸಿದಾಗ ಆಕೃತಿಗೆ ತಾನಾಗಿಯೇ ಒಂದು ವಿನಯ, ಕೆಲವೊಮ್ಮೆ ಒಂದು ಬಳಲಿಕೆ ಬರುತ್ತದೆ. ನಾವು ಪಾತ್ರದ ಸ್ವಭಾವವೆಂದು ಓದುವುದು ಎಷ್ಟೋ ಸಲ ಹೀಗೆ ಮೂಳೆಯ ಲೆಕ್ಕದಿಂದ ಹುಟ್ಟಿರುತ್ತದೆ.

ಕತ್ತಿನ ನಂತರ ಭುಜಕ್ಕೆ ಬನ್ನಿ. ಕುದುರೆ, ಹಸು, ಜಿಂಕೆಗಳಿಗೆ ಕೊರಳೆಲುಬು ಇಲ್ಲ. ಅವುಗಳ ಮುಂಗಾಲುಗಳು ಎದೆಗೂಡಿಗೆ ಸ್ನಾಯುಗಳಿಂದಷ್ಟೇ ಅಂಟಿಕೊಂಡಿರುತ್ತವೆ, ಎದೆ ಎರಡೂ ಬದಿಯಿಂದ ಒತ್ತಿದಂತೆ ಕಿರಿದಾಗಿ ಆಳವಾಗಿರುತ್ತದೆ. ಮನುಷ್ಯನ ಎದೆ ಅಗಲವಾಗಿ ಚಪ್ಪಟೆಯಾಗಿದೆ, ಕೊರಳೆಲುಬು ಕೈಗಳನ್ನು ಎರಡು ಬದಿಗೆ ದೂರ ಹಿಡಿದಿರುತ್ತದೆ. ಕೈ ಚಾಚಿ ಹೂವು ಕೊಡುವ ಜಿಂಕೆಯನ್ನು ಮಾಡಬೇಕಾದರೆ ಅದಕ್ಕೆ ಕೊರಳೆಲುಬನ್ನು ಕೊಡಲೇಬೇಕು. ಒಳ್ಳೆಯ ಶಿಲ್ಪದಲ್ಲಿ ತುಪ್ಪಟದ ಅಡಿಯಲ್ಲಿ ಆ ಮೂಳೆಯ ಸಣ್ಣ ಉಬ್ಬು ಕಾಣುತ್ತದೆ. ಅದನ್ನು ಮರೆತ ಶಿಲ್ಪದಲ್ಲಿ ಕೈಗಳು ಎಲ್ಲಿಂದಲೋ ತಂದು ಸಿಕ್ಕಿಸಿದಂತೆ ಕಾಣುತ್ತವೆ, ಮತ್ತು ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಎಂಬುದು ಗೊತ್ತಾಗುತ್ತದೆ.

ರೆಕ್ಕೆಗಳ ಕಥೆ ಇನ್ನೂ ಕುತೂಹಲದ್ದು. ಹಕ್ಕಿಯ ರೆಕ್ಕೆ ಎಂದರೆ ಅದರ ಕೈಯೇ. ಮೊಳಕೈ, ಮಣಿಕಟ್ಟು, ಬೆರಳುಗಳ ಉಳಿಕೆ ಎಲ್ಲವೂ ಅದರೊಳಗಿವೆ. ಕೈಗಳನ್ನು ಉಳಿಸಿಕೊಂಡು ಬೆನ್ನಿಗೆ ರೆಕ್ಕೆ ಹಚ್ಚಿದಾಗ ಆ ಮೈಗೆ ಆರು ಅಂಗಗಳಾಗುತ್ತವೆ. ಗ್ರೀಕ್ ಪುರಾಣದ, ಸೊಂಟದ ಕೆಳಗೆ ಕುದುರೆಯ ಮೈಯುಳ್ಳ ಸೆಂಟಾರನದೂ ಇದೇ ಸ್ಥಿತಿ: ಎರಡು ಕೈ, ನಾಲ್ಕು ಕಾಲು, ಬಹುಶಃ ಎರಡು ಎದೆಗೂಡು. ಕೈಗಳನ್ನೇ ರೆಕ್ಕೆಯಾಗಿಸಿದ ಕಲಾವಿದರು ಆ ಪಾತ್ರದಿಂದ ಹಿಡಿಯುವ ಶಕ್ತಿಯನ್ನು ಕಿತ್ತುಕೊಂಡು ಹಾರುವ ಶಕ್ತಿಯನ್ನು ಕೊಟ್ಟಿದ್ದಾರೆ. ಆರು ಅಂಗ ಕೊಟ್ಟವರು ಎರಡನ್ನೂ ಕೊಟ್ಟಿದ್ದಾರೆ. ನನ್ನ ಮಟ್ಟಿಗೆ, ಏನನ್ನಾದರೂ ಕಳೆದುಕೊಂಡ ಆಕೃತಿಯೇ ಹೆಚ್ಚು ಹೊತ್ತು ಮನಸ್ಸನ್ನು ಹಿಡಿಯುತ್ತದೆ.

ಕಾಲುಗಳನ್ನು ನೋಡುವಾಗ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ನಾಯಿಯ, ಮೇಕೆಯ ಹಿಂಗಾಲು ಹಿಂದಕ್ಕೆ ಮಡಚುವ ಮಂಡಿ ಹೊಂದಿದೆ ಎಂದು ಅನೇಕರು ಹೇಳುತ್ತಾರೆ. ಅದು ಮಂಡಿಯಲ್ಲ, ಹಿಮ್ಮಡಿ. ಮಂಡಿ ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ನಾಯಿ ಬೆರಳುಗಳ ಮೇಲೆ ನಿಲ್ಲುತ್ತದೆ, ಕುದುರೆ ಒಂದೇ ಬೆರಳಿನ ತುದಿಯ ಮೇಲೆ. ಹಾಗಾಗಿ ಮೇಕೆಯ ಕಾಲುಳ್ಳ ಮನುಷ್ಯಾಕೃತಿ ಸದಾ ತುದಿಗಾಲಿನಲ್ಲಿ ನಿಂತಿರುತ್ತದೆ, ಮತ್ತು ಇಂಥ ಶಿಲ್ಪಗಳು ಕುಣಿಯಲು ಹೊರಟಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಬ್ರಿಟನ್ನಿನ ಶಿಲ್ಪಿ ಬ್ಯಾರಿ ಫ್ಲ್ಯಾನಗನ್ 1979ರಿಂದ ಕಂಚಿನಲ್ಲಿ ಮಾಡುತ್ತ ಬಂದ ಕಾಡುಮೊಲಗಳು ಕುಣಿಯುತ್ತವೆ, ಜಿಗಿಯುತ್ತವೆ, ಮುಷ್ಟಿಯುದ್ಧ ಮಾಡುತ್ತವೆ. ಅವುಗಳ ನೀಳವಾದ ಕೈಕಾಲುಗಳಲ್ಲಿ ಮೊಲದ ಅಳತೆ ಎಷ್ಟು, ಮನುಷ್ಯನ ಅಳತೆ ಎಷ್ಟು ಎಂದು ಹುಡುಕುತ್ತ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮುಖಕ್ಕೆ ಕೊನೆಯಲ್ಲಿ ಬಂದಾಗ ಕಣ್ಣಿನ ಬಿಳಿಯನ್ನು ಗಮನಿಸಿ. ಮನುಷ್ಯನ ಕಣ್ಣಲ್ಲಿ ಅದು ಧಾರಾಳವಾಗಿ ಕಾಣುತ್ತದೆ, ಹೆಚ್ಚಿನ ಪ್ರಾಣಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಾವು ಎತ್ತ ನೋಡುತ್ತಿದ್ದೇವೆ ಎಂಬುದು ಬೇರೆಯವರಿಗೆ ತಿಳಿಯುವುದು ಆ ಬಿಳಿಯಿಂದ. ಮೇಕೆಯ ಮುಖದಲ್ಲಿ ಬಿಳಿಯುಳ್ಳ ಕಣ್ಣನ್ನಿಟ್ಟರೆ ಅದು ನಿಮ್ಮನ್ನೇ ನೋಡುತ್ತಿದೆ ಎನ್ನಿಸುತ್ತದೆ. ಮೇಕೆಯದೇ ಅಡ್ಡ ಪಾಪೆಯನ್ನು ಉಳಿಸಿದರೆ ಎದುರಿಗಿರುವ ಜೀವ ಎಷ್ಟು ಹತ್ತಿರ ಹೋದರೂ ಒಂದಿಷ್ಟು ದೂರದಲ್ಲೇ ಉಳಿಯುತ್ತದೆ.

ಶಿಲ್ಪದ ಸುತ್ತ ನಡೆಯುವುದು ಅಷ್ಟು ಮುಖ್ಯವೇ?

ಮುಖ್ಯ. ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಅಸ್ಸೀರಿಯಾದ ಅರಮನೆಗಳ ಬಾಗಿಲು ಕಾಯುತ್ತಿದ್ದ, ಮನುಷ್ಯಮುಖದ ರೆಕ್ಕೆಯ ಹೋರಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ರಾಜ ಎರಡನೆಯ ಸಾರ್ಗೋನನ ಕಾಲದಲ್ಲಿ, ಅಂದರೆ ಕ್ರಿಸ್ತಪೂರ್ವ 8ನೇ ಶತಮಾನದ ಕೊನೆಯಲ್ಲಿ, ಖೋರ್ಸಾಬಾದಿನಲ್ಲಿ ಕೆತ್ತಿದ ಅಂಥ ಹೋರಿಗಳಿಗೆ ಐದು ಕಾಲುಗಳಿವೆ. ಎದುರಿನಿಂದ ನೋಡಿದರೆ ಎರಡು ಕಾಲೂರಿ ಅಲ್ಲಾಡದೆ ನಿಂತಿದೆ. ಬದಿಯಿಂದ ನೋಡಿದರೆ ನಾಲ್ಕು ಕಾಲಿನಲ್ಲಿ ನಡೆಯುತ್ತಿದೆ. ಒಳಬರುವವರು ಹೆಜ್ಜೆ ಹಾಕಿದಂತೆ ಕಾವಲುಗಾರನೂ ಹೆಜ್ಜೆ ಹಾಕಲೆಂದು ಶಿಲ್ಪಿಗಳು ಐದನೆಯ ಕಾಲಿಗೆ ಹಿಂಜರಿಯಲಿಲ್ಲ. ಇಂದಿನ ಶಿಲ್ಪಿಗಳೂ ಎದುರಿನಿಂದ ಮನುಷ್ಯನಂತೆ, ಹಿಂದಿನಿಂದ ಪ್ರಾಣಿಯಂತೆ ಕಾಣುವ ಆಕೃತಿಗಳನ್ನು ಮಾಡುವುದುಂಟು. ಗೋಡೆಗೆ ಒತ್ತಿ ಇಟ್ಟಿರದ ಪ್ರತಿ ಕೃತಿಗೂ ಒಂದು ಸುತ್ತು ಹಾಕಿ.

ರೇಖಾಚಿತ್ರಗಳು ಶಿಲ್ಪಗಳಿಗೆ ಮಾಡಿಕೊಂಡ ಕರಡುಗಳೇ?

ಕೆಲವು ಹೌದು. ಅಂಚಿನಲ್ಲಿ ಅಳತೆ, ಬಾಣದ ಗುರುತು, ಒಂದೇ ಕಿವಿಯ ಹಲವು ಆವೃತ್ತಿಗಳು ಇದ್ದರೆ ಅವು ಸಿದ್ಧತೆಯ ಹಾಳೆಗಳೆಂದು ತಿಳಿಯಬಹುದು. ಉಳಿದವು ಸ್ವತಂತ್ರ ಕೃತಿಗಳು, ಮತ್ತು ಅವುಗಳಿಗೆ ಶಿಲ್ಪಕ್ಕಿಲ್ಲದ ಒಂದು ಅನುಕೂಲವಿದೆ: ಕೂಡುವ ಜಾಗವನ್ನು ಬರೆಯದೆಯೇ ಬಿಡಬಹುದು. ಶಿಲ್ಪಿ ಕತ್ತಿನ ಹಿಂಬದಿಗೂ ಉತ್ತರ ಕೊಡಲೇಬೇಕು. ಚಿತ್ರ ಬರೆಯುವವರು ಅಲ್ಲಿ ಒಂದು ಕಾಲರನ್ನೋ ನೆರಳನ್ನೋ ಇಟ್ಟು ಅಥವಾ ಗೆರೆಯನ್ನು ಅಲ್ಲಿಗೇ ಕೈಬಿಟ್ಟು, ಉಳಿದದ್ದನ್ನು ನೋಡುವವರ ಕಣ್ಣಿಗೆ ಒಪ್ಪಿಸಬಹುದು.

ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಗ್ರಾಂವಿಲ್ 1829ರ ಹೊತ್ತಿಗೆ ಪ್ರಕಟಿಸಿದ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಮಾಲಿಕೆಯಲ್ಲಿ ಪ್ರಾಣಿಗಳ ತಲೆಯುಳ್ಳ ಜನ ಆ ಕಾಲದ ಉಡುಪು ತೊಟ್ಟು ಪ್ಯಾರಿಸಿನ ಸಮಾಜವನ್ನೇ ಆಡಿ ತೋರಿಸುತ್ತಾರೆ. ಆ ಉಡುಪಿನ ಎತ್ತರದ ಕಾಲರುಗಳು ಕತ್ತನ್ನು ಮುಚ್ಚುವುದರಿಂದ ತಲೆ ಬದಲಾದದ್ದು ತೀರ ಸಹಜವೆನ್ನಿಸುತ್ತದೆ. 1835ರಲ್ಲಿ ಅಲ್ಲಿನ ಸರ್ಕಾರ ವ್ಯಂಗ್ಯಚಿತ್ರಗಳ ಮೇಲೆ ಮುಂಚಿತ ಪರಿಶೀಲನೆಯನ್ನು ಮತ್ತೆ ಹೇರಿದ ಮೇಲೆ ಅವನು ಹೆಚ್ಚಾಗಿ ಪುಸ್ತಕಗಳ ಚಿತ್ರಗಳತ್ತ ತಿರುಗಿದ. ಹೆಸರು ಹೇಳಲಾಗದ ಮನುಷ್ಯನ ಮೇಲೆ ಪ್ರಾಣಿಯ ತಲೆ ಕೂರಿಸಿ ಮಾತಾಡುವ ದಾರಿ ಇಂದಿಗೂ ಹಲವು ಕಲಾವಿದರ ಕೈಯಲ್ಲಿದೆ.

ನರಿ ಎಂದರೆ ಕುತಂತ್ರ, ಕತ್ತೆ ಎಂದರೆ ದಡ್ಡತನ ಎಂದು ಓದಿಕೊಳ್ಳಬಹುದೇ?

ಆ ಅಭ್ಯಾಸವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಮನುಷ್ಯನ ಮುಖ ಯಾವ ಪ್ರಾಣಿಯನ್ನು ಹೋಲುತ್ತದೆಯೋ ಆ ಪ್ರಾಣಿಯ ಗುಣ ಅವನಿಗಿರುತ್ತದೆ ಎಂಬ ವಾದವನ್ನು ಇಟಲಿಯ ಜಂಬಾತಿಸ್ತಾ ದೆಲ್ಲಾ ಪೋರ್ತಾ 1586ರಲ್ಲಿ ಚಿತ್ರಸಮೇತ ಮಂಡಿಸಿದ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಆಸ್ಥಾನ ಚಿತ್ರಕಾರ ಶಾರ್ಲ್ ಲ ಬ್ರನ್ ಮನುಷ್ಯರ ಮತ್ತು ಪ್ರಾಣಿಗಳ ತಲೆಗಳನ್ನು ಅಕ್ಕಪಕ್ಕ ಬರೆದು ಹೋಲಿಸಿದ. ಚಿತ್ರಗಳಾಗಿ ಲ ಬ್ರನ್ನನ ಹಾಳೆಗಳು ಇವತ್ತಿಗೂ ಬೆರಗು ಹುಟ್ಟಿಸುತ್ತವೆ, ಆದರೆ ಮುಖ ನೋಡಿ ಗುಣ ಹೇಳುವ ಆ ವಿಚಾರಸರಣಿ ಮುಂದೆ ಇಡೀ ಜನಾಂಗಗಳನ್ನು ಕೀಳೆಂದು ತೋರಿಸಲು ಬಳಕೆಯಾಯಿತು. ಅದು ವಿಜ್ಞಾನವಾಗಿಯೂ ಸುಳ್ಳು, ನೋಡುವ ರೀತಿಯಾಗಿಯೂ ಬಡವಾದದ್ದು.

ಒಂದೇ ಪ್ರಾಣಿ ಎಷ್ಟು ಬಗೆಯಾಗಿ ಬರಬಹುದು ಎಂಬುದಕ್ಕೆ ಚಿತ್ರಕಾರ ಪಿಕಾಸೋ 1930ರ ದಶಕದಲ್ಲಿ, ಲೋಹದ ತಗಡನ್ನು ಆಮ್ಲದಿಂದ ಕೊರೆದು ಮುದ್ರಿಸುವ ವಿಧಾನದಲ್ಲಿ ಮಾಡಿದ ಎಚ್ಚಿಂಗ್‌ಗಳನ್ನು ನೋಡಬೇಕು. ಗ್ರೀಕ್ ಪುರಾಣದ, ಹೋರಿಯ ತಲೆಯ ಮಿನೋಟಾರ್ ಒಂದು ಹಾಳೆಯಲ್ಲಿ ಗೆಳೆಯರ ಜೊತೆ ಕುಡಿಯುತ್ತಾನೆ, ಇನ್ನೊಂದರಲ್ಲಿ ನಿದ್ರಿಸುತ್ತಾನೆ, ಮತ್ತೊಂದರಲ್ಲಿ ಸಾಯುತ್ತಾನೆ, ಮಗದೊಂದರಲ್ಲಿ ಕುರುಡನಾಗಿ ಪುಟ್ಟ ಹುಡುಗಿಯೊಬ್ಬಳ ಹಿಂದೆ ನಡೆಯುತ್ತಾನೆ. 1935ರ ದೊಡ್ಡ ಎಚ್ಚಿಂಗಿನಲ್ಲಿ ಮೇಣದಬತ್ತಿ ಹಿಡಿದು ನಿಂತ ಹುಡುಗಿಯ ಕಡೆಗೆ ಅವನು ಕೈ ಚಾಚಿದ್ದಾನೆ. ಆ ಕೈ ಬೆಳಕನ್ನು ತಡೆಯುತ್ತಿದೆಯೋ ಅರಸುತ್ತಿದೆಯೋ ಹೇಳುವುದು ಕಷ್ಟ. ಹೋರಿ ಎಂದರೆ ಕ್ರೌರ್ಯ ಎಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಆ ಕೈ ಕಾಣಿಸುವುದೇ ಇಲ್ಲ.

ದೇವತಾಮೂರ್ತಿಗಳಿಗೂ ಇಂಥ ಕೃತಿಗಳಿಗೂ ಏನು ಸಂಬಂಧ?

ರೂಪದ ಸಂಬಂಧ ನಿಜ, ಉದ್ದೇಶ ಬೇರೆ. ಮನುಷ್ಯನಿಂದಲೂ ಮೃಗದಿಂದಲೂ ಸಾವು ಬರಬಾರದೆಂಬ ವರಕ್ಕೆ ಎರಡೂ ಅಲ್ಲದ ನರಸಿಂಹನೇ ಉತ್ತರ. ಕಥೆಯ ತರ್ಕವೇ ಆ ಮೈಯನ್ನು ಬೇಡುತ್ತದೆ. ಬಾದಾಮಿಯಲ್ಲಿ 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ನಿಂತ ನರಸಿಂಹನ ಬಿಗುವಿಲ್ಲದ ನಿಲುವನ್ನು ನೋಡಿದರೆ, ಮಿಶ್ರರೂಪವನ್ನು ಸಹಜವಾಗಿ ನಿಲ್ಲಿಸುವ ಕಲೆಯಲ್ಲಿ ಹಳಬರು ಎಷ್ಟು ಪಳಗಿದ್ದರು ಎಂಬುದು ತಿಳಿಯುತ್ತದೆ. ಪೂಜೆಗೆಂದು ಮಾಡಿದ ಮೂರ್ತಿಗೆ ಲಕ್ಷಣ, ಅಳತೆ, ಆಯುಧಗಳ ನಿಯಮವಿರುತ್ತದೆ, ನೋಡುವವರಿಗೆ ಆ ದೇವರು ಮೊದಲೇ ಗೊತ್ತಿರುತ್ತಾನೆ. ಗ್ಯಾಲರಿಯ ಕೃತಿಗೆ ಆ ಆಸರೆಯಿಲ್ಲ, ಅದು ತನ್ನ ಕಥೆಯನ್ನು ತನ್ನ ಮೈಯಿಂದಲೇ ಹೇಳಬೇಕು. ಹಾಗಾಗಿ ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವುದು ಎರಡಕ್ಕೂ ಅನ್ಯಾಯ.

ಕೆಲವು ಕೃತಿಗಳನ್ನು ನೋಡಿ ಭಯವೋ ಅಸಹ್ಯವೋ ಆಗುತ್ತದೆ. ಮಕ್ಕಳನ್ನು ಕರೆತರಬಹುದೇ?

ಭಯವಾಗುವುದು ಸಹಜ, ಮತ್ತು ಕೆಲವು ಕೃತಿಗಳು ಅದನ್ನೇ ಬಯಸುತ್ತವೆ. ದಕ್ಷಿಣ ಆಫ್ರಿಕಾದ ಜೇನ್ ಅಲೆಕ್ಸಾಂಡರ್ ವರ್ಣಭೇದ ನೀತಿಯ ಕಾಲದಲ್ಲಿ, 1985–86ರಲ್ಲಿ ಮಾಡಿದ ಕೃತಿಯಲ್ಲಿ ಕೊಂಬುಳ್ಳ ಮೂವರು ಬೆಂಚಿನ ಮೇಲೆ ಕುಳಿತಿದ್ದಾರೆ. ಅವರಿಗೆ ಬಾಯಿಯೇ ಇಲ್ಲ. ಮೈ ಗಟ್ಟಿಮುಟ್ಟಾದ ಗಂಡಸರದು, ಕೂತ ರೀತಿ ತೀರ ಸಾಮಾನ್ಯ, ಹೆದರಿಸುವುದು ಆ ಸಾಮಾನ್ಯತೆಯೇ. ಆಸ್ಟ್ರೇಲಿಯಾದ ಪೆಟ್ರೀಶಿಯಾ ಪಿಚಿನಿನಿ 2002ರಲ್ಲಿ ಸಿಲಿಕೋನಿನಿಂದ ಮಾಡಿದ ತಾಯಿ ಅರ್ಧ ಹಂದಿಯಂತೆ, ಅರ್ಧ ಮನುಷ್ಯಳಂತೆ ಮಲಗಿ ಮರಿಗಳಿಗೆ ಹಾಲೂಡುತ್ತಾಳೆ. ಸುಕ್ಕು, ಮಚ್ಚೆ, ಕೂದಲು ಎಲ್ಲವೂ ನಿಜದಂತಿರುವುದರಿಂದ ಮೊದಲು ಹಿಂದೆ ಸರಿಯಬೇಕೆನ್ನಿಸುತ್ತದೆ. ಅವಳ ದಣಿದ ಕಣ್ಣುಗಳನ್ನು ನೋಡಿದ ಮೇಲೆ ಮುಂದೆ ಬರಬೇಕೆನ್ನಿಸುತ್ತದೆ. ಮನುಷ್ಯರಿಗೆ ಕಸಿ ಮಾಡುವ ಅಂಗಗಳಿಗಾಗಿ ಪ್ರಾಣಿಗಳನ್ನು ಬೆಳೆಸುವ ವಿಜ್ಞಾನದ ಬಗ್ಗೆ ಬರೆದ ಉದ್ದ ಲೇಖನಕ್ಕಿಂತ ಆ ಒಂದು ನೋಟ ಹೆಚ್ಚು ಕಾಡುತ್ತದೆ.

ಲಹರಿಯ, ಲವಲವಿಕೆಯ ಕೃತಿಗಳೇ ಹೆಚ್ಚಿರುವ ಪ್ರದರ್ಶನಕ್ಕೆ ಮಕ್ಕಳನ್ನು ಧಾರಾಳವಾಗಿ ಕರೆತನ್ನಿ. ಅರ್ಥ ಹೇಳಿಕೊಡುವ ಅವಸರ ಬೇಡ. ಇದು ಊಟ ಹೇಗೆ ಮಾಡುತ್ತದೆ, ಎಲ್ಲಿ ಮಲಗುತ್ತದೆ ಎಂದು ಮಕ್ಕಳು ತಾವೇ ಕೇಳುತ್ತಾರೆ, ಮತ್ತು ಅವು ಶಿಲ್ಪಿ ಕೆಲಸಕ್ಕೆ ಕೂತಾಗ ಕೇಳಿಕೊಳ್ಳುವಂಥ ಪ್ರಶ್ನೆಗಳೇ. ಚಿಕ್ಕ ಮಗು ಹೆದರಿದರೆ ಬಲವಂತ ಮಾಡದೆ ಮುಂದಿನ ಕೋಣೆಗೆ ಹೋಗಿ.

ಇವನ್ನು ಯಾವುದರಿಂದ ಮಾಡುತ್ತಾರೆ? ನಿಜವಾದ ಪ್ರಾಣಿಯ ಭಾಗಗಳಿರುತ್ತವೆಯೇ?

ಮಣ್ಣಿನ ಕೃತಿಗಳು ಹೆಚ್ಚು. ಸುಡಬೇಕಾದ ಮಣ್ಣಿನ ಆಕೃತಿಯ ಒಳಗನ್ನು ಟೊಳ್ಳು ಮಾಡಬೇಕು, ಗೋಡೆಯ ದಪ್ಪ ಎಲ್ಲೆಡೆ ಸುಮಾರು ಒಂದೇ ಇರಬೇಕು, ಗಾಳಿ ಹೋಗಲು ಎಲ್ಲಾದರೂ ತೂತಿರಬೇಕು. ಒಣಗದೆ ಉಳಿದ ತೇವ ಗೂಡಿನಲ್ಲಿ ಆವಿಯಾದರೆ ಕೃತಿ ಸಿಡಿಯುತ್ತದೆ. ಕಿವಿ, ಕೊಂಬು, ಬಾಲಗಳು ತೆಳುವಾದ್ದರಿಂದ ಮೈಗಿಂತ ಬೇಗ ಒಣಗಿ ಕುಗ್ಗುತ್ತವೆ. ಅವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಇಡೀ ಆಕೃತಿ ನಿಧಾನವಾಗಿ ಒಟ್ಟಿಗೆ ಒಣಗುವಂತೆ ನೋಡಿಕೊಳ್ಳುತ್ತಾರೆ. ತಲೆಯನ್ನು ಮೈಗೆ ಸೇರಿಸುವಾಗ ಎರಡೂ ಕಡೆ ಗೀರು ಹಾಕಿ, ತೆಳ್ಳಗೆ ಕಲಸಿದ ಮಣ್ಣನ್ನು ಹಚ್ಚಿ ಒತ್ತುತ್ತಾರೆ. ಬಿರುಕು ಬಿಡುವುದಾದರೆ ಹೆಚ್ಚಾಗಿ ಅಲ್ಲಿಯೇ. ಕಲ್ಪನೆಯಲ್ಲಿ ಕಷ್ಟವಾದ ಜಾಗವೇ ಮಣ್ಣಿನಲ್ಲೂ ದುರ್ಬಲವಾದ ಜಾಗ ಎಂಬುದು ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು.

ಕಂಚಿನ ಕೃತಿಗಳನ್ನು ಮೇಣದ ಅಚ್ಚಿನ ವಿಧಾನದಲ್ಲಿ ಎರಕ ಹೊಯ್ಯುತ್ತಾರೆ. ಮೇಣದ ಆಕೃತಿಯ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಹರಿಸಿ, ಆ ಖಾಲಿ ಜಾಗಕ್ಕೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಕಾದ ಲೋಹವನ್ನು ಸುರಿಯುತ್ತಾರೆ. ದೊಡ್ಡ ಆಕೃತಿಯನ್ನು ಭಾಗಭಾಗವಾಗಿ ಎರಕ ಹೊಯ್ದು ಬೆಸುಗೆ ಹಾಕಿ, ಬೆಸುಗೆಯ ಗುರುತನ್ನು ಉಜ್ಜಿ ಅಳಿಸಿ, ಮೇಲೆ ರಾಸಾಯನಿಕಗಳಿಂದ ಕಂದು, ಹಸಿರು, ಕಪ್ಪು ಛಾಯೆ ತರುತ್ತಾರೆ. ಕಾಗದದ ಮುದ್ದೆ, ಮರ, ಬಟ್ಟೆ, ರಾಳ, ಫೈಬರ್‌ಗ್ಲಾಸುಗಳ ಬಳಕೆಯೂ ಇದೆ.

ನಿಜವಾದ ಗರಿ, ಕೊಂಬು, ಮೂಳೆಗಳನ್ನು ಬಳಸುವ ಕಲಾವಿದರಿದ್ದಾರೆ. ಕೃತಿಯ ಪಕ್ಕದ ಚೀಟಿಯಲ್ಲಿ ವಸ್ತುಗಳ ಪಟ್ಟಿ ಇರುತ್ತದೆ, ಅನುಮಾನವಿದ್ದರೆ ಅದನ್ನು ಓದಿ. ಈ ಪ್ರಾಮಾಣಿಕತೆಗೆ ಬೆಲೆಯಿದೆ. 1842ರಲ್ಲಿ ನ್ಯೂಯಾರ್ಕಿನಲ್ಲಿ ಮೋಜಿನ ಪ್ರದರ್ಶನಗಳ ವ್ಯಾಪಾರಿ ಪಿ.ಟಿ. ಬಾರ್ನಮ್ ಮತ್ಸ್ಯಕನ್ಯೆಯೆಂದು ತೋರಿಸಿ ಜನ ಸೇರಿಸಿದ್ದು ಕೋತಿಯ ಮೈಯಂಥ ಭಾಗಕ್ಕೆ ಮೀನಿನ ಬಾಲ ಹೊಲಿದ ವಸ್ತುವನ್ನು. ಅಲ್ಲಿ ಕೂಡಿಕೆಯನ್ನು ಮರೆಮಾಚಿದ್ದು ನೋಡುವವರನ್ನು ವಂಚಿಸಲು. ಕಲಾವಿದರು ಅದೇ ಕೂಡಿಕೆಯನ್ನು ನಮ್ಮ ಮುಂದಿಟ್ಟು, ಇದು ಇಲ್ಲದ ಜೀವವೆಂದು ಒಪ್ಪಿಕೊಂಡೇ ನಂಬುವಂತೆ ಮಾಡುತ್ತಾರೆ.

ರೇಖಾಚಿತ್ರಗಳ ಕೋಣೆಯಲ್ಲಿ ಬೆಳಕು ಏಕೆ ಇಷ್ಟು ಮಂದ?

ಕಾಗದ, ಜಲವರ್ಣ, ಹಲವು ಬಗೆಯ ಶಾಯಿಗಳು ಬೆಳಕಿಗೆ ಮಾಸುತ್ತವೆ, ಮಾಸಿದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅಲ್ಲಿ ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಸಾಕೆಂಬುದು ಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಮಿತಿ. ಒಳಗೆ ಬಂದು ಒಂದೆರಡು ನಿಮಿಷ ಕಾದರೆ ಕಣ್ಣು ಹೊಂದಿಕೊಳ್ಳುತ್ತದೆ. ಫೋಟೋ ತೆಗೆಯಲು ಅನುಮತಿ ಇದ್ದರೂ ಫ್ಲಾಶ್ ಬೇಡ.

ಶಿಲ್ಪಗಳನ್ನು ಮುಟ್ಟಬಹುದೇ?

ಮುಟ್ಟಬಹುದು ಎಂಬ ಫಲಕವಿದ್ದರೆ ಮಾತ್ರ. ಬೆರಳಿನ ಬೆವರು ಮತ್ತು ಜಿಡ್ಡು ಕಂಚಿನ ಛಾಯೆಯನ್ನು ತಿನ್ನುತ್ತವೆ. ಸುಟ್ಟ ಮಣ್ಣಿನ ಕಿವಿ ಮುರಿಯಲು ಚೀಲದ ಒಂದು ತಾಗು ಸಾಕು.

ಚೀಟಿಯಲ್ಲಿ 3/8 ಎಂದು ಬರೆದಿದ್ದರೆ ಏನರ್ಥ?

ಒಂದೇ ಅಚ್ಚಿನಿಂದ ಒಟ್ಟು ಎಂಟು ಪ್ರತಿಗಳನ್ನು ಎರಕ ಹೊಯ್ಯಲು ಅಥವಾ ಮುದ್ರಿಸಲು ನಿರ್ಧರಿಸಲಾಗಿದ್ದು, ನಿಮ್ಮ ಮುಂದಿರುವುದು ಮೂರನೆಯದು ಎಂದರ್ಥ. ಎಂಟೂ ಮೂಲಕೃತಿಗಳೇ.

ಗ್ಯಾಲರಿಯಲ್ಲಿ ಕುಳಿತು ಚಿತ್ರ ಬರೆಯಬಹುದೇ?

ಹೆಚ್ಚಿನ ಕಡೆ ಸಣ್ಣ ಪುಸ್ತಕ ಮತ್ತು ಪೆನ್ಸಿಲಿಗೆ ಅಡ್ಡಿಯಿಲ್ಲ. ಶಾಯಿ ಮತ್ತು ಬಣ್ಣ ಚೆಲ್ಲುವ ಭಯವಿರುವುದರಿಂದ ಅವನ್ನು ಒಳಗೆ ಬಿಡುವುದಿಲ್ಲ. ಬರೆಯುವುದಾದರೆ ಇಡೀ ಆಕೃತಿಯನ್ನು ಹಿಡಿಯಲು ಹೋಗಬೇಡಿ. ಒಂದು ಕೂಡಿಕೆಯನ್ನು ಆರಿಸಿಕೊಳ್ಳಿ: ಕತ್ತು, ಭುಜ ಅಥವಾ ಹಿಮ್ಮಡಿ. ಅದನ್ನು ಎದುರಿನಿಂದ ಒಮ್ಮೆ, ಬದಿಯಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಮೂರನೆಯ ಸಲ ಬರೆಯುವಷ್ಟರಲ್ಲಿ, ತುಪ್ಪಟದ ಕೆಳಗೆ ಶಿಲ್ಪಿ ಯಾವ ಮೂಳೆಯನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದು ನಿಮಗೆ ಗೊತ್ತಾಗಿರುತ್ತದೆ.